‘ಮಿಸ್ ಫೈರ್’ ಅಂತ ಬರೆಯುವ ಮೊದಲು: ತೋಟದ ಮನೆಯ ಕೋವಿ ಹಾರುವುದು ಹೇಗೆ?

‘ಕೋವಿ ಮಿಸ್ ಫೈರ್: ಗುಂಡು ತಗಲಿ ಸಾವು.’ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಈ ತಲೆಬರಹ ಹೊಸತಲ್ಲ. ನಾನೇ ಬರೆದಿದ್ದೇನೆ. ಠಾಣೆಯಿಂದ ನಾಲ್ಕು ಸಾಲು ಮಾಹಿತಿ ಬರ್ತದೆ, ವಾಟ್ಸಾಪಿನಲ್ಲಿ ಫೋಟೋ ಬರ್ತದೆ, ಬೇರೆಯವರು ಹಾಕುವ ಮೊದಲು ನಾವು ಹಾಕಬೇಕು. ‘ಮಿಸ್ ಫೈರ್’ ಅಂದರೆ ಕೆಲಸ ಮುಗೀತು. ಯಾರ ಮೇಲೂ ಆರೋಪ ಹೊರಿಸಿದ ಹಾಗೆ ಆಗುವುದಿಲ್ಲ. ಸತ್ತವರ ಮನೆಯವರಿಗೂ ಬೇಜಾರಿಲ್ಲ, ಕೋವಿ ಹಿಡಿದವರ ಮನೆಯವರಿಗೂ ಬೇಜಾರಿಲ್ಲ.

ಹೀಗೆ ಬರೆದ ಒಂದು ಸುದ್ದಿ ಓದಿ ದೊಡ್ಡಪ್ಪ ಫೋನ್ ಮಾಡಿದರು. ಅವರ ಹೆಸರಲ್ಲಿ ಒಂದು ಒಂಟಿನಳಿಗೆ ಕೋವಿ ಉಂಟು, ಅಜ್ಜನ ಕಾಲದ್ದು. “ಮಿಸ್ ಫೈರ್ ಅಂದ್ರೆ ಎಂತ ಗೊತ್ತುಂಟಾ ನಿಂಗೆ? ಟ್ರಿಗರ್ ಎಳೆದ್ರೂ ಈಡು ಹಾರದಿದ್ರೆ ಅದು ಮಿಸ್ ಫೈರ್. ಹಾರದ ಈಡಿಂದ ಜನ ಸಾಯುದು ಹೇಗೆ ಮಾರಾಯ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಅವರ ಜಗಲಿಯಲ್ಲಿ ಕೂತು, ಕೋವಿ ಬಿಚ್ಚಿಸಿ ನೋಡಿ, ಆಯುಧ ಕಾಯ್ದೆಯ ಪುಟ ತಿರುವಿದ ಮೇಲೆ ಗೊತ್ತಾಗಿದ್ದು ಇಷ್ಟು. ಆ ಪದ ಬರೆದ ಕೂಡಲೇ ತಪ್ಪು ಕೋವಿಯ ತಲೆಗೆ ಹೋಗುತ್ತದೆ. ಕೋವಿ ಯಾಕೆ ಹಾರಿತು, ಯಾವ ಸ್ಥಿತಿಯಲ್ಲಿತ್ತು, ಕೊನೆಯ ಸಲ ಅದನ್ನು ಬಿಚ್ಚಿ ನೋಡಿದವರು ಯಾರು ಅಂತ ಮತ್ತೆ ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ಯಾಕೆಂದರೆ ನಮ್ಮ ಲೈಸೆನ್ಸ್ ವ್ಯವಸ್ಥೆ ಕೋವಿಯನ್ನು ಎಣಿಸುತ್ತದೆ, ಚುನಾವಣೆ ಬಂದಾಗ ಬೀಗ ಹಾಕಿಡುತ್ತದೆ, ಆದರೆ ಅದರ ಆರೋಗ್ಯ ಪರೀಕ್ಷೆ ಮಾಡುವುದಿಲ್ಲ.

ಕಾನೂನಿನ ಕಣ್ಣಲ್ಲಿ ಈ ಕೋವಿ

ಮೊದಲು ಒಂದು ವಿಷಯ ತಿಳಿದಿರಲಿ. ರಿವಾಲ್ವರ್, ಪಿಸ್ತೂಲ್, ರೈಫಲ್‌ಗಳಿಗೂ ನಮ್ಮ ಕೃಷಿಕರ ಮನೆಯ ಕೋವಿಗೂ ಕಾನೂನು ಒಂದೇ ತಕ್ಕಡಿ ಇಟ್ಟಿಲ್ಲ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ನಯವಾದ ಒಳಮೈಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬಾಯಿಂದ ಮದ್ದು ತುಂಬುವ ಕೋವಿಯನ್ನು ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಕೇಳಿದರೆ, ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು. ಬಾಯಿಂದ ತುಂಬುವ ಕೋವಿ ಬೆಳೆ ಕಾಯಲು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ತೋಟೆ ಹಾಕುವ ಕೋವಿಗೂ ಕೊಡಬಹುದು. ಅಂದರೆ ಇದು ಕೃಷಿಕನ ಸಾಮಾನು ಅಂತ ಕಾಯ್ದೆ ಬರೆದವರಿಗೇ ಗೊತ್ತಿತ್ತು.

ಪಕ್ಕದ ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಗಡಿ ದಾಟಿ ಸಂಪಾಜೆ ಈಚೆ ಬಂದರೆ ಎಲ್ಲರಿಗೂ ಅರ್ಜಿ, ಡಿಸಿ ಕಚೇರಿ, ಪೊಲೀಸ್ ವರದಿ.

ಹನ್ನೆರಡು ಬೋರ್ ಅಂದರೆ ಎಂತದು

ನಯವಾದ ಒಳಮೈ ಅಂತ ಕಾಯ್ದೆ ಹೇಳುವುದು ಸುಮ್ಮನೆ ಅಲ್ಲ. ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಒಂದೇ ಗುಂಡು ಗಿರಗಿರ ತಿರುಗುತ್ತಾ ಹೊರಟು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನಮ್ಮ ಕೋವಿಯಲ್ಲಿ ಗೆರೆ ಇಲ್ಲ, ನೀರಿನ ಪೈಪಿನ ಹಾಗೆ ನಯ. ಅದರಿಂದ ಹೋಗುವುದು ಚರೆ, ಅಂದರೆ ಸೀಸದ ಸಣ್ಣ ಗುಂಡುಗಳ ಗುಂಪು. ನಳಿಗೆ ದಾಟಿದ ಮೇಲೆ ಅದು ಹರಡುತ್ತಾ ಹೋಗುತ್ತದೆ. ಬಾಯಿ ಬಿಗಿ ಇಲ್ಲದ ನಳಿಗೆಯಾದರೆ 20 ಮೀಟರ್ ದೂರಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಅಗಲ. ಕೆಲವು ಕೋವಿಗಳ ತುದಿಯನ್ನು ಒಂದು ಮಿಲಿಮೀಟರಿನಷ್ಟು ಕಿರಿದು ಮಾಡಿರುತ್ತಾರೆ, ಅದಕ್ಕೆ ಚೋಕ್ ಅನ್ನುತ್ತಾರೆ, ಚರೆ ಸ್ವಲ್ಪ ದೂರದ ತನಕ ಒತ್ತಾಗಿ ಹೋಗಲಿ ಅಂತ. ಹಾಗಿದ್ದರೂ 35–40 ಮೀಟರ್ ಆಚೆಗೆ ಅದರ ಬಲ ನಂಬುವ ಹಾಗಿಲ್ಲ.

ಹನ್ನೆರಡು ಬೋರ್ ಅನ್ನುವ ಹೆಸರು ಬಂದದ್ದು ಹಳೇ ಲೆಕ್ಕದಿಂದ. ಆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆ ಮಾಡಿದರೆ 12 ಉಂಡೆಗೆ ಒಂದು ಪೌಂಡ್ ತೂಕ. ಅಳತೆ ಸುಮಾರು ಹದಿನೆಂಟೂವರೆ ಮಿಲಿಮೀಟರ್. 20 ಬೋರ್ ಇನ್ನೂ ಸಣ್ಣದು. ಲೆಕ್ಕ ತಿರುಗುಮುರುಗ, ನಂಬರ್ ಜಾಸ್ತಿ ಆದಷ್ಟೂ ನಳಿಗೆ ಕಿರಿದು. ನನಗೆ ಇದು ತಲೆಗೆ ಹೋಗಲು ಎರಡು ಲೋಟ ಚಾ ಬೇಕಾಯಿತು.

ದೂರ ಹೋಗದಿರುವುದು, ಹರಡುವುದು, ಈ ಎರಡು ಗುಣದಿಂದಲೇ ಮನೆ ಮನೆ ಹತ್ತಿರ ಇರುವ ಊರಿಗೆ ರೈಫಲಿಗಿಂತ ಕೋವಿ ವಾಸಿ. ಆದರೆ ಇಲ್ಲಿ ಒಂದು ಮೋಸ ಉಂಟು. ಸಣ್ಣ ಚರೆ ಇನ್ನೂರು ಚಿಲ್ಲರೆ ಮೀಟರಿನಲ್ಲಿ ಬಿದ್ದುಹೋಗುತ್ತದೆ. ಹಂದಿಗೆ ಅಂತ ಹಾಕುವ ಎಲ್‌ಜಿ, ಎಸ್‌ಜಿ ತೋಟೆಗಳಲ್ಲಿ ಇರುವುದು ಎಣಿಸುವಷ್ಟೇ ದಪ್ಪ ಗುಂಡು, ಅವು ಅರ್ಧ ಕಿಲೋಮೀಟರ್ ದಾಟಬಲ್ಲವು. ಮುರಕಲ್ಲಿಗೆ ಬಡಿದರೆ ಎತ್ತ ತಿರುಗುತ್ತವೆ ಅಂತ ಹೇಳಲಾಗದು. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ. ರಾತ್ರಿ ಹೆಡ್‌ಲೈಟ್ ಬೆಳಕಲ್ಲಿ ಕಾಣುವುದು ಒಂದು ಜೋಡಿ ಕಣ್ಣಿನ ಹೊಳಪು. ಅದರ ಹಿಂದೆ ಕರೆಗೆ ನೀರು ಬಿಡಲು ಹೋದ ಪಕ್ಕದ ಮನೆಯವನಿದ್ದರೆ ಕಾಣುವುದಿಲ್ಲ.

ಹಾರುವುದು ಹೇಗೆ

ನಮ್ಮ ಕಡೆ ಎರಡು ತರಹದ ಕೋವಿ ಹೆಚ್ಚು. ಒಂದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಹಾಕಿ, ನಾರು ತುರುಕಿ, ಚರೆ ಹಾಕಿ, ಗಜದಿಂದ ಕುಟ್ಟಿ, ಹಿಂದೆ ಮೊಳೆಯಂಥ ತುದಿಗೆ ಕೇಪು ಇಡುವುದು. ಹ್ಯಾಮರ್ (ಹಳಬರ ಬಾಯಲ್ಲಿ ಕುದುರೆ) ಬಂದು ಕೇಪಿಗೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಹತ್ತುತ್ತದೆ. ಇದರ ದೊಡ್ಡ ತೊಂದರೆ, ಒಳಗೆ ಈಡು ಉಂಟಾ ಇಲ್ಲವಾ ಅಂತ ಬಿಚ್ಚಿ ನೋಡಲು ಆಗುವುದಿಲ್ಲ. ಒಮ್ಮೆ ತುಂಬಿದರೆ ಖಾಲಿ ಮಾಡುವ ಸುಲಭ ದಾರಿ ಹಾರಿಸುವುದೇ. ಹಾಗಾಗಿ ತುಂಬಿದ್ದು ತುಂಬಿದ ಹಾಗೇ ಅಟ್ಟದಲ್ಲೋ ಬಾಗಿಲ ಹಿಂದೆಯೋ ಇರುತ್ತದೆ. ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದರೆ ಇನ್ನೊಂದು ಅಪಾಯ. ಕೇಪು ಸಿಡಿಯುತ್ತದೆ, ಈಡು ಹಾರುವುದಿಲ್ಲ, ‘ಇದೆಂತ’ ಅಂತ ನಳಿಗೆ ತಿರುಗಿಸಿ ನೋಡುವಾಗ ಹಾರುತ್ತದೆ. ತಡವಾಗಿ ಹಾರುವ ಈಡು ಅಂದರೆ ಇದು. ‘ಮಿಸ್ ಫೈರ್’ ಅನ್ನುವ ಮಾತಿಗೆ ಸ್ವಲ್ಪವಾದರೂ ಹತ್ತಿರ ಬರುವ ಸಾವು ಇದೊಂದೇ. ಈಡು ಹಾರದಿದ್ದರೆ ನಳಿಗೆಯನ್ನು ಜನ ಇಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು ಅನ್ನುವುದು ತೋಟೆ ಕೋವಿಗೂ ಅನ್ವಯ.

ಎರಡನೆಯದು ತೋಟೆ ಕೋವಿ, ಒಂಟಿನಳಿಗೆ ಅಥವಾ ಜೋಡುನಳಿಗೆ. ಸನ್ನೆ ತಿರುಗಿಸಿದರೆ ನಳಿಗೆ ಮಧ್ಯದಲ್ಲಿ ಮಡಚಿಕೊಳ್ಳುತ್ತದೆ, ಹಿಂದಿನಿಂದ ತೋಟೆ ಹಾಕಿ ಮುಚ್ಚುವುದು. ಸರಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟೆ ನಮ್ಮವರಿಗೆ ಪರಿಚಿತ. ಹಿತ್ತಾಳೆ ಬುಡದ ನಡುವೆ ಪ್ರೈಮರ್, ಅದರ ಮೇಲೆ ಮದ್ದು, ಮತ್ತೆ ಮೆತ್ತೆ, ಮತ್ತೆ ಚರೆ. ಟ್ರಿಗರ್ ಎಳೆದಾಗ ಸಣ್ಣ ಕೊಂಡಿಯೊಂದು ಬಿಟ್ಟುಕೊಂಡು ಹ್ಯಾಮರ್ ಮುಂದೆ ಹೋಗುತ್ತದೆ, ಪಿನ್ನು ಪ್ರೈಮರಿಗೆ ಚುಚ್ಚುತ್ತದೆ. ಈಗಿನ ಪಂಪ್ ಆಕ್ಷನ್ ಕೋವಿಗಳಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ, ತೋಟೆಗಳು ಅದರಲ್ಲಿ ಸಾಲಾಗಿ ಕೂತಿರುತ್ತವೆ, ಮುಂಗೈ ಹಿಡಿಯನ್ನು ಹಿಂದೆ ಮುಂದೆ ಎಳೆದರೆ ಖಾಲಿ ತೋಟೆ ಹೊರಗೆ, ಹೊಸತು ಒಳಗೆ. ನಮ್ಮ ತೋಟದ ಮನೆಗಳಲ್ಲಿ ಅದು ಅಪರೂಪ. ಹಾಗಾಗಿ ಜೋಡುನಳಿಗೆಗೇ ಬರುತ್ತೇನೆ.

ಆ ಸಣ್ಣ ಕೊಂಡಿ ಉಂಟಲ್ಲ, ವಿಷಯ ಇರುವುದು ಅಲ್ಲಿ. ಅದು ನಲವತ್ತು ಐವತ್ತು ವರ್ಷ ಉಜ್ಜಿ ಉಜ್ಜಿ ಸವೆದರೆ ಹ್ಯಾಮರನ್ನು ಗಟ್ಟಿ ಹಿಡಿಯುವುದಿಲ್ಲ. ಕೋವಿ ನೆಲಕ್ಕೆ ಬಿದ್ದರೆ, ಜೀಪಿನ ಬಾಗಿಲಿಗೆ ಬಡಿದರೆ ಬಿಟ್ಟುಕೊಳ್ಳಬಹುದು. “ಸೇಫ್ಟಿ ಹಾಕಿತ್ತು” ಅಂತ ಹೇಳುವವರಿದ್ದಾರೆ. ಸಾಮಾನ್ಯ ಜೋಡುನಳಿಗೆ ಕೋವಿಯ ಸೇಫ್ಟಿ ಬಟನ್ ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗಿನ ಹ್ಯಾಮರನ್ನು ಅಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹ್ಯಾಮರ್ ಹೊರಗೆ ಕಾಣುವ ಹಳೇ ಒಂಟಿನಳಿಗೆಯಲ್ಲಂತೂ ಹೆಬ್ಬೆರಳಲ್ಲಿ ಎಳೆದು ಮೆಲ್ಲ ಇಳಿಸುವಾಗ ಬೆವರಿದ ಕೈ ಜಾರಿದರೆ ಆಯಿತು. ಇನ್ನೂ ಹಳೆಯ ಕೆಲವುದರಲ್ಲಿ ಇಳಿಸಿದ ಹ್ಯಾಮರ್ ನೇರ ಪಿನ್ನಿನ ಮೇಲೇ ಕೂತಿರುತ್ತದೆ, ಅದಕ್ಕೆ ಹಿಂದಿನಿಂದ ಒಂದು ಪೆಟ್ಟು ಬಿದ್ದರೂ ಸಾಕು.

ಹಾಗಾದರೆ ಕೋವಿ ತಾನಾಗಿ ಹಾರುತ್ತದೆ ಅಂತ ಆಯಿತಲ್ಲ ಅಂತ ನೀವು ಕೇಳಬಹುದು. ಹಾರುತ್ತದೆ, ಒಳಗೆ ತೋಟೆ ಇದ್ದರೆ. ಬೇಲಿ ದಾಟುವಾಗ, ಗಾಡಿ ಹತ್ತುವಾಗ, ಮನೆಯೊಳಗೆ ಬರುವಾಗ ತೋಟೆ ತೆಗೆದಿದ್ದರೆ ಎಷ್ಟು ಸವೆದ ಕೋವಿಯೂ ಬರೀ ಕಬ್ಬಿಣ. ಈ ಕೋವಿಯನ್ನು ಮಡಚಿದರೆ ನಳಿಗೆಯಿಂದ ಆಕಾಶ ಕಾಣುತ್ತದೆ. ಕೇಪಿನ ಕೋವಿಗೆ ಇಲ್ಲದ ಆ ಸೌಲಭ್ಯ ಇದ್ದೂ ನಮ್ಮವರು ಮಡಚದೆ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಬೈಕಿನ ಹಿಂದೆ ಕೂತವನ ಕೈಯಲ್ಲಿ ತುಂಬಿದ ಕೋವಿ ನೋಡಿದ್ದೇನೆ, ನಳಿಗೆ ಓಡಿಸುವವನ ಸೊಂಟಕ್ಕೆ.

ನಳಿಗೆ ಸಿಡಿಯುವುದು ಇನ್ನೊಂದು. ಹಳೇ ಕೋವಿಗಳ ಕೋಣೆ 65 ಮಿಲಿಮೀಟರ್ ತೋಟೆಗೆ ಮಾಡಿದ್ದು. ಅದಕ್ಕೆ 70ರ ತೋಟೆ ಹಾಕಿದರೆ ಕೂರುತ್ತದೆ, ಕೂರುತ್ತದೆ ಅನ್ನುವುದೇ ತೊಂದರೆ. ಹಾರುವಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒಳಗೆ ಒತ್ತಡ ಏರುತ್ತದೆ. 20 ಬೋರ್ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಂಡಿದ್ದು ಗೊತ್ತಾಗದೆ ಹಿಂದಿನಿಂದ ಇನ್ನೊಂದು ತೋಟೆ ಹಾಕಿದರೆ ಕೈಬೆರಳು ಉಳಿಯುವುದು ಕಷ್ಟ. ಮತ್ತೆ ಕುಂಬಾರ ಹುಳ. ಮಳೆಗಾಲ ಪೂರ್ತಿ ಗೋಡೆಗೆ ಒರಗಿಸಿಟ್ಟ ಕೋವಿಯ ಬಾಯಿಗೆ ಅದು ಮಣ್ಣಿನ ಗೂಡು ಕಟ್ಟುತ್ತದೆ. ಒಂದು ಹಿಡಿ ಮಣ್ಣು ಸಾಕು, ಉಕ್ಕಿನ ನಳಿಗೆ ಉಬ್ಬಿ ಒಡೆಯಲು.

ಲೈಸೆನ್ಸ್ ಉಂಟು, ಹಾರಿಸುವುದು ಯಾವುದಕ್ಕೆ?

ಬೆಳೆ ರಕ್ಷಣೆಯ ಕೋವಿ ಅಂತ ಹೆಸರು. ಯಾವುದಕ್ಕೆ ಹಾರಿಸಬಹುದು ಅಂತ ನೋಡಿದರೆ ಪಟ್ಟಿ ಬಹಳ ಸಣ್ಣದು. ಆನೆಗೆ ಹಾರಿಸುವ ಹಾಗಿಲ್ಲ, ಮೊದಲನೇ ಪರಿಚ್ಛೇದದ ಪ್ರಾಣಿ, ಕನಿಷ್ಠ ಮೂರು ವರ್ಷ ಜೈಲು. ಕಾನೂನು ಬದಿಗಿಟ್ಟರೂ ಆನೆಗೆ ಚರೆ ಹೊಡೆದರೆ ಅದು ಸಾಯುವುದಿಲ್ಲ, ಗಾಯ ಆಗಿ ಸಿಟ್ಟು ಬರುತ್ತದೆ, ಆ ಸಿಟ್ಟು ಮರುದಿನ ದಾರಿಯಲ್ಲಿ ಸಿಕ್ಕ ಟ್ಯಾಪಿಂಗ್‌ನವನ ಮೇಲೆ ತೀರುತ್ತದೆ. ನವಿಲಿಗೂ ಅದೇ ಕಾನೂನು. ಕಾಡುಹಂದಿ ಎರಡನೇ ಪರಿಚ್ಛೇದದಲ್ಲಿದೆ. ಜನರ ಜೀವಕ್ಕೆ, ಬೆಳೆಗೆ ಅಪಾಯ ಆದರೆ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶದಲ್ಲಿ ಕೊಲ್ಲಲು ಅನುಮತಿ ಕೊಡಬಹುದು ಅಂತ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಸತ್ತ ಪ್ರಾಣಿ ಸರಕಾರದ ಸೊತ್ತು. ಹಂದಿ ತೋಟಕ್ಕೆ ಬರುವುದು ರಾತ್ರಿ ಎರಡು ಗಂಟೆಗೆ, ಲಿಖಿತ ಆದೇಶ ಬರುವುದು ಕಚೇರಿ ಸಮಯದಲ್ಲಿ.

ಗಡಿಯಾಚೆ ಕೇರಳದಲ್ಲಿ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟರು. ಲೈಸೆನ್ಸ್ ಕೋವಿ ಇರುವವರ ಪಟ್ಟಿ ಮಾಡಿ ಅವರ ಮೂಲಕ ಹೊಡೆಸುವ ಕ್ರಮ. ಅದು ಸರಿಯಾ ತಪ್ಪಾ ಅಂತ ಇನ್ನೂ ಚರ್ಚೆ ಮಾಡಬಹುದು. ಆದರೆ ಕನಿಷ್ಠ ಯಾರು, ಯಾವಾಗ, ಯಾವ ಕೋವಿಯಿಂದ ಅನ್ನುವುದು ಕಾಗದದ ಮೇಲೆ ಬರುತ್ತದೆ. ಅನುಮತಿ ದಾರಿ ಮುಚ್ಚಿದಲ್ಲಿ ಕದ್ದು ಹೋಗುವವರಿದ್ದಾರೆ. ಕದ್ದು ಹೋಗುವವರು ರಾತ್ರಿ ಹೋಗುತ್ತಾರೆ, ಬೇರೆಯವರ ಹೆಸರಿನ ಕೋವಿ ಹಿಡಿದು ಹೋಗುತ್ತಾರೆ, ಅನಾಹುತ ಆದರೆ ಎಲ್ಲರೂ ಸೇರಿ ಒಂದೇ ಮಾತು ಹೇಳುತ್ತಾರೆ. ಆ ಮಾತನ್ನೇ ನಾವು ತಲೆಬರಹ ಮಾಡುತ್ತೇವೆ.

ದೊಡ್ಡಪ್ಪನ ಕೋವಿಯ ಕೆಲಸ ಹೆಚ್ಚಾಗಿ ಸದ್ದು ಮಾಡುವುದು. ಮಂಗ ಬಂದರೆ ಒಂದು ಈಡು, ಆನೆ ಸದ್ದು ಕೇಳಿದರೆ ಒಂದು ಈಡು, ಬೆಳಗಾಗುವ ತನಕ ಮನೆಯವರಿಗೆ ಧೈರ್ಯ. ಗರ್ನಾಲಿಗೂ ಕೋವಿಗೂ ವ್ಯತ್ಯಾಸ ಅಷ್ಟೇ ಅಂತ ಅವರೇ ನಗಾಡುತ್ತಾರೆ. ಮಂಗಗಳಿಗೆ ಈಗ ಎರಡೂ ಅಭ್ಯಾಸ ಆಗಿದೆ ಅನ್ನುವುದು ಬೇರೆ ಮಾತು.

80 ದಿನ ಠಾಣೆಯಲ್ಲಿ

ಈಗ ಚುನಾವಣೆ ವಿಷಯ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಯಾಕೆಂದರೆ ದೇಶದ ಬೇರೆ ಕಡೆ ಮತದಾನ ನಡೆಯುತ್ತಲೇ ಇತ್ತು. ಘೋಷಣೆಯಿಂದ ಫಲಿತಾಂಶಕ್ಕೆ 80 ದಿನ. ಆಯೋಗದ ಕ್ರಮದ ಪ್ರಕಾರ ಠೇವಣಿ ಇಟ್ಟ ಕೋವಿ ವಾಪಸ್ ಕೊಡುವುದು ಫಲಿತಾಂಶ ಬಂದು ವಾರ ಕಳೆದ ಮೇಲೆ. ಹಲಸು ಹಣ್ಣಾಗುವ ಸಮಯ, ಗೇರು, ಬಾಳೆ, ಕಾಡಿನಲ್ಲಿ ನೀರಿಲ್ಲದ ಸಮಯ, ಆನೆ ತೋಟಕ್ಕೆ ಇಳಿಯುವ ಸಮಯ, ಎಲ್ಲವೂ ಅದೇ 80 ದಿನದೊಳಗೆ.

ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿ ಕಣ್ಣುಮುಚ್ಚಿ ತೆಗೆದುಕೊಳ್ಳಿ ಅಂತ ಇಲ್ಲ. ಸ್ಕ್ರೀನಿಂಗ್ ಸಮಿತಿ ಇದೆ. ಜಾಮೀನಿನ ಮೇಲೆ ಇರುವವರು, ಅಪರಾಧ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕವರು, ಹೀಗೆ ಒಬ್ಬೊಬ್ಬರನ್ನೂ ಪರಿಶೀಲಿಸಿ ನಿರ್ಧರಿಸಬೇಕು. 2009ರಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ತೀರ್ಪು ಕೂಡ ಇದನ್ನೇ ಹೇಳುತ್ತದೆ. ಒಟ್ಟಿಗೆ ಎಲ್ಲರಿಗೂ ನೋಟಿಸ್ ಕೊಡುವುದು ಆಡಳಿತಕ್ಕೆ ಸುಲಭ, ಅದಕ್ಕೆ ಹಾಗೆ ಮಾಡುತ್ತಾರೆ ಅಂತ ನನ್ನ ಅಭಿಪ್ರಾಯ. ವಿನಾಯಿತಿ ಬೇಕಾದರೆ ಅರ್ಜಿ ಹಾಕಿ ಅಂತಾರೆ. ಎಪ್ಪತ್ತು ವರ್ಷದವರು ಆಟೋ ಮಾಡಿಕೊಂಡು ಹೋಗಿ, ಆರ್‌ಟಿಸಿ, ಲೈಸೆನ್ಸ್ ಜೆರಾಕ್ಸ್ ಇಟ್ಟು ಅರ್ಜಿ ಕೊಡಬೇಕು. ಕೊಟ್ಟರೂ ಆಗುತ್ತದೆ ಅಂತ ಭರವಸೆ ಇಲ್ಲ.

ಕೋವಿ ಇಲ್ಲದ ದಿನಗಳಲ್ಲಿ ಜನ ಸುಮ್ಮನೆ ಕೂರುವುದಿಲ್ಲ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸದ್ದು ಮಾಡುತ್ತಾರೆ. 2025ರ ದೀಪಾವಳಿಗೆ ಮಧ್ಯಪ್ರದೇಶದಲ್ಲಿ ಅದೇ ಪೈಪಿನಿಂದ ಎಷ್ಟೋ ಮಕ್ಕಳ ಕಣ್ಣಿಗೆ ಗಾಯ ಆದದ್ದನ್ನು ಎಲ್ಲರೂ ಓದಿದ್ದೀರಿ. ಅದಕ್ಕೆ ಲೈಸೆನ್ಸ್ ಬೇಡ, ಠೇವಣಿಯೂ ಬೇಡ.

ನಾನು ಹೇಳುವುದು ಕೋವಿ ಎಲ್ಲರಿಗೂ ಕೊಡಿ ಅಂತ ಅಲ್ಲ. ಕಡಿಮೆ ಆದರೂ ನನಗೆ ಬೇಸರ ಇಲ್ಲ. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಇದ್ದದ್ದು ಎರಡಾಯಿತು, ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದಾಯಿತು. ಮೊದಲನೆಯದು ಸರಿ. ಎರಡನೆಯದರಿಂದ ಅಲೆದಾಟ ಕಡಿಮೆ ಆಯಿತು, ಸರಿಯೇ. ಆದರೆ ಕೋವಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ನೋಡುವ ಸಂದರ್ಭವೂ ಅಷ್ಟೇ ದೂರ ಹೋಯಿತು. ಹೊಸ ಕೋವಿ ಕಾರ್ಖಾನೆಯಿಂದ ಹೊರಡುವಾಗ ಪರೀಕ್ಷೆ ಆಗಿ ಬರುತ್ತದೆ. ಆಮೇಲೆ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋದರೂ ಜೀಪಿಗೆ ಇರುವ ಹಾಗೆ ಎಫ್‌ಸಿ ಅಂತ ಒಂದಿಲ್ಲ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು ಅಂತ 2016ರ ನಿಯಮದಲ್ಲಿ ಉಂಟು. ಕೈ ನಡುಗುವ ಹಿರಿಯರು ಇರುವ ಮನೆಗಳವರು ಇದನ್ನು ಗಮನಿಸಿ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೂ ಹೋಗಿ, ಕೋವಿ ಹಿಡಿಯುವ ಕ್ರಮ ಅಲ್ಲಿ ಹೇಳಿಕೊಡುತ್ತಾರೆ.

ಠಾಣೆಯಲ್ಲಿ 80 ದಿನ ಸುಮ್ಮನೆ ಬಿದ್ದಿರುವ ಕೋವಿಗಳನ್ನು ಅಷ್ಟರೊಳಗೆ ಒಮ್ಮೆ ಯಾಕೆ ಪರೀಕ್ಷಿಸಬಾರದು? ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್‌ಗಳು ಇರುತ್ತಾರೆ, ಕೋವಿಯ ಕೊಂಡಿ ಸವೆದದ್ದು ಅವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ತಾಲೂಕಿಗೊಬ್ಬರು ಬಂದು ನೋಡಿ, ‘ಇದು ರಿಪೇರಿ ಆಗುವ ತನಕ ತೋಟೆ ಹಾಕಬೇಡಿ’ ಅಂತ ಒಂದು ಚೀಟಿ ಅಂಟಿಸಿದರೂ ದೊಡ್ಡ ಕೆಲಸ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಜೂನ್ ತಿಂಗಳಲ್ಲಿ ದೊಡ್ಡಪ್ಪನ ಜೊತೆ ಕೋವಿ ಬಿಡಿಸಿಕೊಂಡು ಬರಲು ನಾನೂ ಠಾಣೆಗೆ ಹೋಗಿದ್ದೆ. ಮಳೆ ಹಿಡಿದಿತ್ತು. ರಿಜಿಸ್ಟರಿನಲ್ಲಿ ನಂಬರ್ ತಾಳೆ ನೋಡಿದರು, ಸಹಿ ಹಾಕಿಸಿಕೊಂಡರು, ಗೋಣಿಯಲ್ಲಿ ಸುತ್ತಿದ ಕೋವಿ ಕೊಟ್ಟರು. ಮನೆಗೆ ಬಂದು ಜಗಲಿಯಲ್ಲಿ ಕೂತು ದೊಡ್ಡಪ್ಪ ಸನ್ನೆ ತಿರುಗಿಸಿ ನಳಿಗೆ ಮಡಚಿದರು, ತುದಿಯನ್ನು ಅಂಗಳದ ಬೆಳಕಿಗೆ ಹಿಡಿದು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರು. ಆಕಾಶ ಕಾಣಲಿಲ್ಲ. ಗಜ ಹಾಕಿ ದೂಡಿದಾಗ ಒಣಗಿದ ಮಣ್ಣು ಪುಡಿಪುಡಿಯಾಗಿ ಉದುರಿತು, ಅದರ ಜೊತೆ ನಾಲ್ಕೈದು ಒಣಗಿದ ಜೇಡ. ಕುಂಬಾರ ಹುಳದ ಗೂಡು.